ಬದರುನ್ನೀಸಾ ಕೂಗಿದ ಬೆಲೆ

ಶಿರಾದ ಬಾಷಾ ಸಾಬ್ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕುರಿ ವ್ಯಾಪಾರ ಹೆಂಡತಿ ಬದರುನ್ನೀಸಾಳ ತಲೆಗೆ ಬಂತು. ಪಾವಗಡದ ಸಂತೆಯಲ್ಲಿ ಕುರಿ ಸಿಗದಿದ್ದರೆ ಮಟನ್ ಅಂಗಡಿ ಮುಚ್ಚಬೇಕು, ಮನೆಯ ಒಲೆಯೂ ಆರಬೇಕು. ಕುರಿಯ ಬೆನ್ನು ಅದುಮಿಯೇ ಮಾಂಸ ಎಷ್ಟು ಬಂದೀತೆಂದು ಹೇಳಬಲ್ಲ ಗಟ್ಟಿಗಿತ್ತಿ ಆಕೆ. ತೊಡಕಿದ್ದದ್ದು ಕುರಿಯದಲ್ಲ, ಟವೆಲ್ಲಿನದು.

ಆ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿಯೇ ಇಲ್ಲ. ಕೊಳ್ಳುವವನೂ ದಲ್ಲಾಳಿಯೂ ಟವೆಲ್ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ವ್ಯಾಪಾರ ಕುದುರಿಸಬೇಕು. ತೆಲುಗಿನವರಿರಲಿ, ಕನ್ನಡದವರಿರಲಿ, ಉರ್ದುವಿನವರಿರಲಿ, ಬೆರಳಿನ ಲೆಕ್ಕ ಎಲ್ಲರಿಗೂ ಒಂದೇ. ಆದರೆ ಪರಗಂಡಸು ಹೆಂಗಸಿನ ಕೈ ಹಿಡಿಯುವುದುಂಟೆ? ಅದರಲ್ಲೂ ಸಾಬರ ಹೆಂಗಸಿನ ಕೈ! ಸಂತೆಯ ಮೇಲೆ ಸಂತೆ, ಆಕೆಯ ಬಾಡಿಗೆ ಗಾಡಿ ಖಾಲಿಯಾಗಿಯೇ ಮರಳಿತು.

"ಗಂಡ ಎದ್ದು ಓಡಾಡ್ಲಿ, ಆಮ್ಯಾಕೆ ಅವ್ನನ್ನೇ ಕಳ್ಸಮ್ಮ," ಎಂದು ದಲ್ಲಾಳಿ ನಾಗಭೂಷಣ ನಕ್ಕ. ಬದರುನ್ನೀಸಾಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಹೋಗಿ ಗಾಡಿ ಹತ್ತಿ ನಿಂತಳು.

"ಆ ಕೆಂದ ಟಗರಿಗೆ ಹದಿನಾಲ್ಕು ಸಾವಿರ! ಯಾರ್ದು? ಬರ್ರಿ!"

ಸಂತೆಗೆ ಸಂತೆಯೇ ತಿರುಗಿ ನೋಡಿತು. ಟಗರಿನ ಒಡೆಯ ಲಕ್ಷ್ಮಯ್ಯ ದಲ್ಲಾಳಿಯನ್ನು ತರಾಟೆಗೆ ತೆಗೆದುಕೊಂಡ.

"ಲೇ ನಾಗಭೂಷಣ, ಹನ್ನೊಂದರ ಮ್ಯಾಲೆ ಯಾರೂ ಕೇಳ್ತಿಲ್ಲ ಅಂದ್ಯಲ್ಲೋ?"

ಟವೆಲ್ ಕೆಳಗೆ ಒಂದು ಬೆಲೆ, ಕುರಿಯವರ ಕಿವಿಗೆ ಇನ್ನೊಂದು, ನಡುವಿನ ದುಡ್ಡು ದಲ್ಲಾಳಿಯ ಜೇಬಿಗೆ! ನಾಗಭೂಷಣನ ಮುಖ ಹರಳೆಣ್ಣೆ ಕುಡಿದಂತಾಯಿತು. ಆಗಬೇಕಾದ್ದೇ. ಲಕ್ಷ್ಮಯ್ಯ ಟಗರನ್ನು ತಾನೇ ಎಳೆದುಕೊಂಡು ಬಂದು ಬದರುನ್ನೀಸಾಳ ಗಾಡಿಗೆ ಹತ್ತಿಸಿದ.

ಅಷ್ಟರಲ್ಲಿ ಆಂಧ್ರದ ಗಡಿಯ ಹಳ್ಳಿಯ ಪೆದ್ದಮ್ಮ ಕುರಿ ಎಳೆದುಕೊಂಡು ಮುಂದೆ ಬಂದಳು. ಕುರಿ ಸಾಕುವವಳು ಅವಳು, ಮಾರುತ್ತಿದ್ದವನು ಮೈದುನ. ಅವಳ ಕೈಯನ್ನಾದರೂ ಆ ಟವೆಲ್ ಕೆಳಗೆ ಸೇರಿಸಿಕೊಂಡವರು ಯಾರು?

"ನಾ ಗೊರ್ರೆಕು ಎಂತಮ್ಮಾ?" ಎಂದು ತೆಲುಗಿನಲ್ಲೇ ಕೇಳಿದಳು. ತನ್ನ ಕುರಿಯ ಬೆಲೆಯನ್ನು ಅವಳು ತಾನೇ ಕೇಳಿದ್ದು ಅದೇ ಮೊದಲು.

ಬದರುನ್ನೀಸಾ ಬೆನ್ನು ಅದುಮಿ ನೋಡಿ ಬೆಲೆ ಹೇಳಿದಳು.

"ಸಾಲ್ದು ಕಣಮ್ಮ, ಇನ್ನೊಸಿ ಮ್ಯಾಲಕ್ಕೆ ಏರ್ಸು!" ಪೆದ್ದಮ್ಮ ಕನ್ನಡಕ್ಕೆ ಹೊರಳಿ, ಮೊದಲ ಸಲಕ್ಕೇ ಎಷ್ಟು ಚೌಕಾಸಿ ಮಾಡಿದಳೆಂದರೆ ಸುತ್ತ ನಿಂತ ಗಂಡಸರು ಬಾಯಿಬಿಟ್ಟು ನೋಡಿದರು. ಅವಳ ಹಿಂದೆಯೇ ಮೇಕೆ ಹಿಡಿದವರು, ಮರಿ ಹೊತ್ತವರು, ಹೆಂಗಸರು ಒಬ್ಬೊಬ್ಬರಾಗಿ ಬಂದು ಗಾಡಿ ಸುತ್ತುವರಿದರು.

ಸಂಜೆ ಗಾಡಿ ಕಿಕ್ಕಿರಿದು ಶಿರಾ ಸೇರಿತು. ಕುರಿಗಳ ಸದ್ದು ಕೇಳಿ ಬಾಷಾ ಸಾಬ್ ಮಂಚದಲ್ಲೇ ಕತ್ತೆತ್ತಿದ.

"ಕೊನೆಗೂ ಯಾವ ದಲ್ಲಾಳಿ ಒಪ್ಪಿದ?"

"ದಲ್ಲಾಳಿ ಯಾಕೆ ಜೀ?" ಕೂಗಿ ಕೂಗಿ ಬದರುನ್ನೀಸಾಳ ಗಂಟಲು ಕಟ್ಟಿಹೋಗಿತ್ತು. "ಮುಂದಿನ ಸಂತೆಗೆ ದೊಡ್ಡ ಗಾಡಿ ಹೇಳಿಡಿ."