ಮುನಿಸ್ವಾಮಿಯವರ ಚಳಿಗಿಡ

ನಮ್ಮ ಕಂಪನಿಗೆ ಯಾರಾದರೂ ದೊಡ್ಡವರು ಬರುತ್ತಾರೆಂದರೆ ಮುನಿಸ್ವಾಮಿಯವರಿಗೆ ಫೋನು ಮಾಡುವ ಕರ್ಮ ನನ್ನದು. "ಒಂದು ಗಿಡ ಕೀಳ್ಬೇಕಂತೆ" ಎನ್ನುವಾಗ ನನ್ನ ಮೇಲೇ ನನಗೆ ಸಿಟ್ಟು ಬರುತ್ತಿತ್ತು.

ಕೋಲಾರದ ಕಡೆಯ ಅವರು ದುಬೈ ಪಕ್ಕದ ಮರಳೂರು ಅಲ್ ಐನ್‌ನ ನಮ್ಮ ಕಂಪನಿ ತೋಟದಲ್ಲಿ ಹದಿನಾಲ್ಕು ವರ್ಷದಿಂದ ಮಾಲಿ. ಹೊರಗೆ ನಲವತ್ತೆಂಟು ಡಿಗ್ರಿ ಸುಡುವಾಗ ಇವರು ತಣ್ಣಗಿನ ಕೋಣೆಯೊಳಗೆ ಸ್ವೆಟರ್ ಹಾಕಿಕೊಂಡು ಅಲಾಸ್ಕಾದ ಕಾಡುಗಿಡ ಸಾಕುತ್ತಿದ್ದರು. ಅದು ಅವರೆಕಾಳು, ಹುರುಳಿಯ ಬಳಗದ್ದೇ, ಆದರೆ ತಿನ್ನುವುದು ಕಾಳನ್ನಲ್ಲ, ಬೇರನ್ನು. ಬೀಜ ಮೊಳೆಯುವುದಕ್ಕೇ ತಿಂಗಳುಗಟ್ಟಲೆ ಸತಾಯಿಸಿತು. ಇಪ್ಪತ್ತನಾಲ್ಕು ಗಿಡ ಉಳಿದವು. ಮೂರನೇ ವರ್ಷ ಹೂ ಬಿಟ್ಟು ಕಾಯಿ ಕಟ್ಟಿದರೆ ನಮ್ಮದೇ ಬೀಜ ಆಗುತ್ತದೆ ಎಂಬುದೊಂದೇ ಅವರ ಆಸೆ.

ಮ್ಯಾನೇಜರ್ ಶೆಲ್ಡನ್‌ಗೆ ಬೇಕಾಗಿದ್ದದ್ದು ಫೋಟೊ. ಬಂದವರ ಕೈಯಲ್ಲೊಂದು ಬೇರು, ಬಾಯಲ್ಲೊಂದು ತುಂಡು. ಬೇರು ಕಿತ್ತ ಮೇಲೆ ಗಿಡ ಎಲ್ಲಿಂದ ಬರಬೇಕು? ಕೇಳಿದರೆ "ಒಂದೇ ಅಲ್ವಾ, ಯಲ್ಲಾ" ಎಂದು ಅರಬ್ಬಿಯಲ್ಲಿ ಅವಸರ ಮಾಡುತ್ತಿದ್ದರು. ಹಾಗೆ ಒಂದೊಂದೇ ಎಂದು ಇಪ್ಪತ್ತಮೂರು ಹೋದವು. ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು.

ಕೊನೆಯ ಗಿಡ ಎಳೆಗಾಯಿ ಕಟ್ಟಿದ ವಾರವೇ ದುಬೈಯಿಂದ ದೊಡ್ಡ ಹೋಟೆಲುಗಳ ಹತ್ತು ಜನ ಶೆಫ್‌ಗಳು ಬರುತ್ತಾರೆಂದು ಸುದ್ದಿ. ನಾನು ಶೆಲ್ಡನ್ ಹತ್ತಿರ ಜಗಳವನ್ನೇ ಆಡಿದೆ.

"ಡೆಬೊರಾ, ಖಲಾಸ್. ಬೀಜ ಮತ್ತೆ ತರಿಸುವ" ಎಂದರು. ಮೊದಲ ಸಲ ಬೀಜ ತರಿಸಲು ಒಂದು ವರ್ಷ ಕಾಗದಪತ್ರ ಬರೆದವಳು ನಾನು!

ಆ ದಿನ ಮುನಿಸ್ವಾಮಿಯವರು ಬಾಗಿಲಲ್ಲೇ ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದರು. "ಬೆಳಗ್ಗೇನೇ ಕಿತ್ತು ಹೆಚ್ಚಿಟ್ಟಿದ್ದೀನಿ ಸಾರ್." ಶೆಫ್‌ಗಳು ಕಣ್ಣು ಮುಚ್ಚಿ ಅಗಿದರು. ಒಬ್ಬರಿಗೆ ಅದರಲ್ಲಿ ಹಿಮದ ವಾಸನೆ ಬಂತಂತೆ. ಇಂಥ ರುಚಿ ಈ ದೇಶದಲ್ಲೇ ಸಿಕ್ಕಿಲ್ಲ ಎಂದರು ಇನ್ನೊಬ್ಬರು. ಶೆಲ್ಡನ್ ತಟ್ಟೆಯ ಫೋಟೊ ತೆಗೆದು ಮುನಿಸ್ವಾಮಿಯವರ ಬೆನ್ನು ತಟ್ಟಿದರು.

ಅವರೆಲ್ಲ ಹೋದ ಮೇಲೆ ನಾನು ತಣ್ಣನೆಯ ಕೋಣೆಗೆ ಓಡಿದೆ. ಗಿಡ ಕಾಯಿ ಸಮೇತ ಹಾಗೇ ನಿಂತಿತ್ತು!

"ಎಂತ ತಿನ್ಸಿದ್ರಿ ಮಾರಾಯ್ರೇ ಅವರಿಗೆ?"

"ಬಿಳಿ ಕ್ಯಾರೆಟ್ಟು, ಮೇಡಮ್."

ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರು ನಗಲಿಲ್ಲ. ಗೋಡೆಯ ಪಕ್ಕ ಜೋಡಿಸಿಟ್ಟಿದ್ದ ಖಾಲಿ ಕುಂಡಗಳನ್ನೇ ನೋಡುತ್ತಿದ್ದರು.

"ಮೊದಲ್ನೇ ದಿನಾನೇ ಇದನ್ನ ಕೊಟ್ಟಿದ್ರೆ ಅಷ್ಟೂ ಉಳ್ಕೊಂಡಿರೋವು, ಮೇಡಮ್."