ನಾಯಿಗೆ ಹಾಕಬಾರದ ಅನ್ನ

ನಾಯಿಗಳ ಮೇಲೆ ನನಗೇನೂ ದ್ವೇಷವಿಲ್ಲ. ಆ ಒಂದು ನಾಯಿಯನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ತೊಂಬತ್ತರ ದಶಕದ ಮಾತು. ಅರಸೀಕೆರೆಯಲ್ಲಿ ಹುಟ್ಟಿ ಬೆಳೆದ ನಾನು ಕಣಕಟ್ಟೆಗೆ ಸೊಸೆಯಾಗಿ ಹೋದ ಹೊಸತು. ತೋಟದಲ್ಲಿ ಕಾಯಿ ಕದಿಯುತ್ತಾರೆ ಅಂತ ಮಾವ ಬಿಕ್ಕೋಡಿನ ಎಸ್ಟೇಟಿನ ಸ್ನೇಹಿತರಿಂದ ಒಂದು ಆಲ್ಸೇಷಿಯನ್ ಮರಿ ತಂದಿದ್ದರು.

ಆ ಮನೆಯಲ್ಲಿ ತಂಗಳು ಮಿಕ್ಕರೆ ಒಂದಿಷ್ಟು ಅತ್ತೆಗೂ ನನಗೂ, ಉಳಿದದ್ದು ನಾಯಿಗೆ. ಗಂಡಸರ ತಟ್ಟೆಗೆ ತಂಗಳು ಬೀಳುವ ಪದ್ಧತಿಯೇ ಇರಲಿಲ್ಲ. ಮರಿಗೆ ಅದನ್ನೇ ಹಾಕಿದೆವು. ಅದಕ್ಕೆ ಭೇದಿ ಹಿಡಿಯಿತು, ಕೂದಲು ಉದುರಿತು. ನನಗೆ ಜ್ವರ ಬಂದಾಗ ಕಷಾಯ ಕುಡಿ ಅಂದಿದ್ದ ಮಾವ, ಮರಿಯನ್ನು ಎತ್ತಿಕೊಂಡು ಬಸ್ಸು ಹತ್ತಿ ಅರಸೀಕೆರೆಯ ದನದ ಡಾಕ್ಟರ ಹತ್ತಿರ ಓಡಿದರು. ಸಂಜೆ ಬಂದವರೇ ಅಪ್ಪಣೆ ಕೊಟ್ಟರು.

"ಇನ್ಮೇಲೆ ಇದಕ್ಕೆ ತಂಗಳು ಹಾಕಂಗಿಲ್ಲ. ಕರುಳು ಕೆಡ್ತೈತಂತೆ. ಆಗಿಂದಾಗ ಮಾಡಿದ ಮುದ್ದೆ, ಹಾಲು, ಬೇಯಿಸಿದ ಮೊಟ್ಟೆ. ಉಪ್ಪು ಖಾರ ಮುಟ್ಟಿಸಬ್ಯಾಡಿ."

"ಹಂಗಾದ್ರೆ ಮಿಕ್ಕಿದ್ದು ಏನ್ಮಾಡೋದು ಮಾವ?" ಅಂದೆ.

"ಅನ್ನ ಚೆಲ್ತಾರೇನಮ್ಮ? ನೀವಿಬ್ರು ಇಲ್ವಾ."

ತಮಾಷೆಗಲ್ಲ, ನಿಜವಾಗಿಯೇ ಅಂದರು. ಮಾರನೇ ದಿನದಿಂದ ನಾಯಿಯ ಪಾಲೂ ನಮ್ಮದಾಯಿತು. ಅದಕ್ಕೆ ಮುದ್ದೆ ತೊಳಸುವವಳು ನಾನು, ಮೊಟ್ಟೆ ಸುಲಿಯುವವಳು ನಾನು, ಕೊನೆಗೆ ನೀರು ಬಿಟ್ಟ ನಿನ್ನೆಯ ಅನ್ನ ನುಂಗಿ ಹೊಟ್ಟೆ ಹಿಡಿದುಕೊಂಡು ಮಲಗುವವಳೂ ನಾನೇ. ನಾಯಿ ಮಿರಮಿರ ಮಿಂಚತೊಡಗಿತು. "ಹೊಟ್ಟೆಗೆ ಸರಿಯಾಗಿ ಹಾಕಿದ್ರೆ ಹಿಂಗೇ ಕಣ್ಲಾ" ಅಂತ ಮಾವ ಬಂದವರ ಮುಂದೆಲ್ಲ ಬೀಗುತ್ತಿದ್ದರು. ಗಂಡನಿಗೆ ಹೇಳಿದರೆ "ಅಪ್ಪನ ತಂಟೆ ಬ್ಯಾಡ ಕಣೇ" ಅಂದು ಮಗ್ಗುಲಾದ, ಪುಣ್ಯಾತ್ಮ.

ಒಂದು ಮಧ್ಯಾಹ್ನ ಆ ತಂಗಳನ್ನೇ ತಟ್ಟೆಗೆ ಹಾಕಿ, ನಿನ್ನೆಯ ಸಾರು ಸುರಿದು ಮಾವನ ಮುಂದಿಟ್ಟೆ. ಒಂದು ತುತ್ತಿಗೇ ಮುಖ ಕಿವುಚಿದರು.

"ಹಳಸೈತೆ."

"ಹೌದು ಮಾವ. ನಾಯಿಗೆ ಹಾಕಬ್ಯಾಡಿ ಅಂದ್ರಲ್ಲ, ಅದಕ್ಕೇ ನಿಮಗೆ ಹಾಕ್ದೆ."

ಒಳಗೊಳಗೇ ಖುಷಿ. ಬಯ್ಯಲಿ, ನಾನೂ ನಾಲ್ಕು ಮಾತು ಅಂದೇಬಿಡುತ್ತೇನೆ ಅಂತ ಕಾದು ನಿಂತೆ. ಆ ಮನುಷ್ಯ ನನ್ನ ಕಡೆ ತಿರುಗಲೂ ಇಲ್ಲ. ತಟ್ಟೆ ಪಕ್ಕಕ್ಕೆ ತಳ್ಳಿ ಅತ್ತೆಯನ್ನು ಕೂಗಿದರು. ಅತ್ತೆ ಬಿಸಿ ಮುದ್ದೆ ತಂದಿಟ್ಟರು. ಮಾವ ಉಂಡು, ಕೈ ತೊಳೆದು ಜಗಲಿಗೆ ಹೋದರು.

ಅವರು ತಳ್ಳಿದ ತಟ್ಟೆಯನ್ನು ಅತ್ತೆ ಒಲೆಯ ಹತ್ತಿರಕ್ಕೆ ತಂದು, ತಾವೇ ಉಣ್ಣಲು ಕೂತರು. ಕಿತ್ತುಕೊಳ್ಳಲು ಹೋದೆ.

"ಮುಟ್ಟಬ್ಯಾಡ. ನಿನ್ನ ಸೊಕ್ಕು ನಿಮ್ಮಪ್ಪನ ಮನೇಲಿಟ್ಕೊ" ಅಂದು ನನ್ನ ಕೈ ತಳ್ಳಿದರು.

ಜಗಲಿಯಿಂದ ಮಾವನ ದನಿ ಬಂತು: "ನಾಯಿಗೆ ಹಾಕಿದ್ರೇನ್ರೇ? ಬೆಚ್ಚಗೈತಾ ನೋಡಿ ಹಾಕಿ."

ಅತ್ತೆ ಬಾಯಲ್ಲಿದ್ದ ತುತ್ತು ನುಂಗಿ, ಕೈ ತೊಳೆದು, ನಾಯಿಯ ಮುದ್ದೆ ಎತ್ತಿಕೊಂಡು ಹೋದರು.