ಉತ್ತರಹಳ್ಳಿಯಲ್ಲಿ ನಡೆದ ಬೀಳ್ಕೊಡುಗೆ

ಹೋದ ತಿಂಗಳು ಒಂದು ಸಂಜೆ ಮೆಟ್ರೋದಲ್ಲಿ ಮನೆಗೆ ಹೋಗುವಾಗ ವಯಸ್ಸಾದ ಹೆಂಗಸೊಬ್ಬರು ಬಂದು ನನ್ನ ಪಕ್ಕ ಕೂತರು. ಮಂಡಿ ನೋವಿರಬೇಕು, ಕೂತವರೇ ಎರಡೂ ಕೈಯಿಂದ ಮಂಡಿ ಒತ್ತಿಕೊಂಡರು. ಅವರ ಸೀರೆಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಕೋಣನಕುಂಟೆಯಲ್ಲಿ ಇಳಿಯುವವರೆಗೂ ನಾನು ಫೋನ್ ತೆಗೆಯಲಿಲ್ಲ, ಸುಮ್ಮನೆ ಆ ವಾಸನೆಯ ಪಕ್ಕದಲ್ಲಿ ಕೂತಿದ್ದೆ. ನೀಲಗಿರಿ ಎಣ್ಣೆ, ಒಲೆಯ ಮೇಲೆ ಕುದಿಯುವ ರಾಗಿ ಗಂಜಿ, ಫಿನಾಯಿಲ್ ಹಾಕಿ ಒರೆಸಿದ ಕೆಂಪು ಗಾರೆ ನೆಲ, ಈ ಮೂರೂ ಸೇರಿದರೆ ಅದು ಚೈತ್ರಳ ಮನೆ. ಹತ್ತನೇ ಕ್ಲಾಸಿನ ವರ್ಷ ಅಂದರೆ ನನಗೆ ಶಾಲೆಗಿಂತ ಮೊದಲು ನೆನಪಾಗುವುದು ಆ ಮನೆಯೇ. ನಿಮಗೂ ಇಂಥದ್ದೊಂದು ಮನೆ ಇದ್ದಿರಬಹುದು. ನಮ್ಮದಲ್ಲದ, ನೆಂಟರದ್ದೂ ಅಲ್ಲದ, ಆದರೂ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋಗಿ ನೀರು ಕುಡಿಯಬಹುದಾಗಿದ್ದ ಮನೆ.

ನಮ್ಮ ಶಾಲೆ ಇದ್ದದ್ದು ಬನಶಂಕರಿಯಲ್ಲಿ. ಕನ್ನಡ ಮೀಡಿಯಂ ಆದ್ದರಿಂದ ವರ್ಷ ವರ್ಷ ಮಕ್ಕಳು ಕಡಿಮೆಯಾಗುತ್ತಾ ಬಂದು, ಉಳಿದವರು ಒಬ್ಬರಿಗೊಬ್ಬರು ಹತ್ತಿರವಾಗುತ್ತಾ ಹೋದೆವು. ನಾನೂ ಭವ್ಯಳೂ ಒಂದನೇ ಕ್ಲಾಸಿನಿಂದ ಜೊತೆ. ಭವ್ಯ ಮಾತಿನ ಮಲ್ಲಿ, ಮೇಷ್ಟ್ರು ಬೈದರೆ ಅವರಿಗೇ ಸಮಾಧಾನ ಹೇಳಿ ಕೂರುವವಳು. ಚೈತ್ರ ಐದನೇ ಕ್ಲಾಸಿಗೆ ಬಂದು ಸೇರಿದಳು. ಉತ್ತರಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಅವಳ ಡಬ್ಬಿಯಲ್ಲಿ ಯಾವಾಗಲೂ ಯಾವುದಾದರೂ ಸೊಪ್ಪಿನ ಪಲ್ಯ ಇರುತ್ತಿತ್ತು. ಕಿರಣ ಬಂದದ್ದು ಎಂಟನೇ ಕ್ಲಾಸಿಗೆ. ಲೆಕ್ಕದಲ್ಲಿ ಜೋರು, ಮಾತಿನಲ್ಲಿ ಹಿಂದೆ. ನಾವು ನಾಲ್ವರು ಒಂದು ಗುಂಪಾದದ್ದು ಯಾವಾಗ, ಯಾಕೆ ಅಂತ ಕೇಳಿದರೆ ಈಗ ಸರಿಯಾಗಿ ಹೇಳಲಾರೆ. ಕಿಟಕಿ ಪಕ್ಕದ ಬೆಂಚುಗಳಲ್ಲಿ ಹಿಂದೆ ಮುಂದೆ ಕೂರುತ್ತಿದ್ದೆವು, ಅಷ್ಟೇ.

ಒಂಬತ್ತನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ಚೈತ್ರಳ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಆದರೆ ಎದ್ದು ಓಡಾಡುವುದು ಅನುಮಾನ ಅಂದರು ಡಾಕ್ಟರು. ಸಿದ್ದಮ್ಮ ಅಂತ ಆ ಅಜ್ಜಿಯ ಹೆಸರು. ಉತ್ತರಹಳ್ಳಿಯ ಸುತ್ತ ಹೊಲಗಳಿದ್ದ ಕಾಲದಲ್ಲಿ ಸೊಪ್ಪಿನ ಕುಕ್ಕೆ ತಲೆಯ ಮೇಲೆ ಹೊತ್ತು ಜಯನಗರದ ಬೀದಿ ಬೀದಿ ತಿರುಗಿ ಮಾರಿದವರು. ಚೈತ್ರಳ ಅಪ್ಪ ಲಾರಿ ಡ್ರೈವರ್, ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಅಮ್ಮ ಯಶೋದಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಾಸಿಗೆ ಹಿಡಿದ ಮುದುಕಿಯನ್ನು ಹಗಲು ಹೊತ್ತು ನೋಡಿಕೊಳ್ಳಲು ಮನೆಯಲ್ಲಿ ಉಳಿದವಳು ಒಬ್ಬಳೇ.

ಜೂನಿನಲ್ಲಿ ಶಾಲೆ ಶುರುವಾಗಿ ಎರಡು ವಾರ ಕಳೆದರೂ ಚೈತ್ರ ಬರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ನಾವು ಮೂವರೂ ಬಸ್ ಹತ್ತಿ ಹೋದೆವು. ಹಳೇ ಊರಿನ ಓಣಿಯೊಳಗೆ, ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಂತಿದ್ದ ಹೆಂಚಿನ ಮನೆ ಅದು. ಹಾಲಿನ ನಡುವೆ ಮಂಚ, ಮಂಚದ ಮೇಲೆ ಅಜ್ಜಿ. ಚೈತ್ರ ನೈಟಿ ಹಾಕಿಕೊಂಡು, ಕೂದಲು ಮೇಲಕ್ಕೆ ಗಂಟು ಕಟ್ಟಿಕೊಂಡು, ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ನಮ್ಮನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ.

"ಈ ವರ್ಷ ಬರಲ್ಲ ಕಣೇ. ಮುಂದಿನ ವರ್ಷ ಪ್ರೈವೇಟಾಗಿ ಕಟ್ತೀನಿ," ಅಂದಳು.

"ಮುಂದಿನ ವರ್ಷ ನಾವಿರಲ್ವಲ್ಲ," ಅಂದಳು ಭವ್ಯ.

ಚೈತ್ರ ಬಟ್ಟೆ ಹರವಲು ಹೊರಗೆ ಹೋದಳು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿದ್ದರು. ನಿದ್ದೆ ಮಾಡಿರಲಿಲ್ಲ ಅಂತ ನನಗೆ ಗೊತ್ತಾಯಿತು.

ಸೋಮವಾರ ಭವ್ಯ ಇದನ್ನೆಲ್ಲ ನಮ್ಮ ಕ್ಲಾಸ್ ಟೀಚರ್ ಲಲಿತಾ ಮಿಸ್ಸಿಗೆ ಹೇಳಿದಳು. ಮಿಸ್ ಹೆಚ್ಚು ಮಾತಾಡುವವರಲ್ಲ. ಮುಂದಿನ ಭಾನುವಾರ ಯಶೋದಮ್ಮ ಮನೆಯಲ್ಲಿರುವ ಹೊತ್ತು ನೋಡಿಕೊಂಡು ನಮ್ಮ ಜೊತೆ ಉತ್ತರಹಳ್ಳಿಗೆ ಬಂದರು. ಯಶೋದಮ್ಮ ಅತ್ತರು, ಗಾರ್ಮೆಂಟ್ಸ್ ಬಿಟ್ಟರೆ ಮನೆ ನಡೆಯಲ್ಲ ಅಂದರು. ಮಿಸ್ ಅದಕ್ಕೆ ವಾದ ಮಾಡಲಿಲ್ಲ. ಎದುರು ಮನೆಯ ಸರೋಜಾ ಆಂಟಿಯನ್ನು ಕರೆಸಿ ಕೂರಿಸಿಕೊಂಡು ಮಾತಾಡಿದರು. ಕೊನೆಗೆ ಒಂದು ಏರ್ಪಾಟಾಯಿತು. ಬೆಳಿಗ್ಗೆ ಹೊತ್ತು ಸರೋಜಾ ಆಂಟಿ ಅಜ್ಜಿಯನ್ನು ನೋಡಿಕೊಳ್ಳುವುದು, ಚೈತ್ರ ಮಧ್ಯಾಹ್ನದ ಊಟದವರೆಗೆ ಶಾಲೆಯಲ್ಲಿದ್ದು ಮನೆಗೆ ಹೊರಡುವುದು. ಹೆಡ್‌ಮಾಸ್ಟರನ್ನು ಒಪ್ಪಿಸುವುದು ತಮಗಿರಲಿ ಅಂದರು ಮಿಸ್. ಮಧ್ಯಾಹ್ನದ ಪಾಠಗಳನ್ನು ಸಂಜೆ ನಾವು ಮನೆಗೇ ಹೋಗಿ ಹೇಳಿಕೊಡುತ್ತೇವೆ ಅಂತ ಭವ್ಯ ನಮ್ಮಿಬ್ಬರನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡುಬಿಟ್ಟಳು.

ಹೀಗೆ ನಮ್ಮ ಸಂಜೆಗಳು ಉತ್ತರಹಳ್ಳಿಗೆ ಹೋದವು. ಶಾಲೆ ಬಿಟ್ಟ ತಕ್ಷಣ ಬನಶಂಕರಿ ಬಸ್ ಸ್ಟ್ಯಾಂಡಿಗೆ ಓಡಿ, ಸಿಕ್ಕ ಬಸ್ಸು ಹತ್ತಿ, ಮಂಚದ ಸುತ್ತ ಚಾಪೆ ಹಾಸಿ ಕೂರುತ್ತಿದ್ದೆವು. ಚೈತ್ರ ಒಂದು ಕಣ್ಣು ಗಂಜಿಯ ಪಾತ್ರೆಯ ಮೇಲೆ, ಒಂದು ಕಣ್ಣು ಪುಸ್ತಕದ ಮೇಲೆ ಇಟ್ಟು ಕೇಳುತ್ತಿದ್ದಳು. ಮೊದಮೊದಲು ಅಜ್ಜಿ ನಮ್ಮನ್ನು ಮಾತಾಡಿಸುತ್ತಲೇ ಇರಲಿಲ್ಲ. ಆಮೇಲೆ ಒಂದು ದಿನ, ಭವ್ಯ ಇತಿಹಾಸದ ಪಾಠ ಓದಿ ಹೇಳುತ್ತಿದ್ದಾಗ, ಮೈಸೂರಿನ ಯುದ್ಧ ಅರ್ಧಕ್ಕೆ ಬಂದಿತ್ತು, ಕತ್ತಲಾಗುತ್ತೆ ಅಂತ ನಾವು ಎದ್ದೆವು. ಮಂಚದ ಮೇಲಿಂದ ದನಿ ಬಂತು. "ಗೆದ್ದೋರ್ ಯಾರು ಅಂತ ಯೋಳ್ಬುಟ್ಟು ಹೋಗ್ರವ್ವ." ಭವ್ಯ ಮತ್ತೆ ಕೂತು ಪೂರ್ತಿ ಓದಿದಳು. ಅಲ್ಲಿಂದಾಚೆ ಅಜ್ಜಿ ನಮ್ಮ ಕ್ಲಾಸಿಗೆ ಸೇರಿದರು. ಕಿರಣ ಲೆಕ್ಕ ಮಾಡಿಸುವಾಗ ಎಕ್ಸ್ ಎಷ್ಟು, ಎಕ್ಸ್ ಎಷ್ಟು ಅಂತ ನಾವು ತಡಕಾಡುತ್ತಿದ್ದರೆ, "ಇನ್ನೂ ಸಿಕ್ನಿಲ್ವಾ ಅವ್ನು?" ಅಂತ ಕೇಳುತ್ತಿದ್ದರು. ಸಿಕ್ಕಿದ ಅಂದರೆ, ಸದ್ಯ ಅಂತ ಕಣ್ಣು ಮುಚ್ಚುತ್ತಿದ್ದರು. ಅವರನ್ನು ಮಗ್ಗುಲು ಹೊರಳಿಸುವುದು, ಬೆನ್ನು ಒರೆಸಿ ಪೌಡರ್ ಹಾಕುವುದು, ಮಂಡಿಗೆ ಎಣ್ಣೆ ತಿಕ್ಕುವುದು ನಮಗೆಲ್ಲ ಬಂದುಬಿಟ್ಟಿತ್ತು. ಬೆಡ್‌ಪ್ಯಾನ್ ಬೇಕಾದಾಗ ಅಜ್ಜಿ ಕಿರಣನ ಕಡೆ ಒಂದು ಸಲ ನೋಡುತ್ತಿದ್ದರು, ಅವನು ಎದ್ದು ಓಣಿಯ ತುದಿಯವರೆಗೆ ನಡೆದು ಬರುತ್ತಿದ್ದ.

ಹುಡುಗ ದಿನಾ ಬರ್ತಾನೆ ಅಂತ ಓಣಿಯಲ್ಲಿ ಮಾತು ಬಾರದೆ ಇರಲಿಲ್ಲ. ಹಿಂದಿನ ಮನೆಯ ಹೆಂಗಸೊಬ್ಬರು ಅಜ್ಜಿಯನ್ನು ನೋಡಲು ಬಂದ ನೆಪದಲ್ಲಿ ಕೇಳಿಯೂ ಬಿಟ್ಟರು. ಅಜ್ಜಿ ಮಲಗಿದಲ್ಲಿಂದಲೇ, "ನಂಗೆ ಲೆಕ್ಕ ಯೋಳ್ಕೊಡಕ್ಕೆ ಬತ್ತಾನೆ ಕಣಮ್ಮ," ಅಂದರು. ಕಿರಣ ಪುಸ್ತಕದಿಂದ ತಲೆ ಎತ್ತಲಿಲ್ಲ, ಅವನ ಕಿವಿ ಮಾತ್ರ ಕೆಂಪಾದವು.

ಫೆಬ್ರವರಿಯಲ್ಲಿ ಶಾಲೆಯ ಬೀಳ್ಕೊಡುಗೆ ಬಂತು. ಹುಡುಗಿಯರೆಲ್ಲ ಸೀರೆ ಉಡುವುದು, ಹುಡುಗರು ಬಿಳಿ ಶರಟು ಪಂಚೆ ಅಂತ ಒಂಬತ್ತನೆಯವರು ಹೇಳಿ ಹೋಗಿದ್ದರು. ಚೈತ್ರ ಅಮ್ಮನ ನೇರಳೆ ಬಣ್ಣದ ರೇಷ್ಮೆ ಸೀರೆಗೆ ಒಪ್ಪುವ ರವಿಕೆ ಹೊಲಿಸಿಕೊಂಡು ವಾರದಿಂದ ಕಾಯುತ್ತಿದ್ದಳು. ಕಾರ್ಯಕ್ರಮ ಇದ್ದದ್ದು ಮಧ್ಯಾಹ್ನ, ಆ ದಿನ ಸಂಜೆಯವರೆಗೂ ಅಜ್ಜಿಯ ಜೊತೆ ಇರುತ್ತೇನೆ ಅಂತ ಸರೋಜಾ ಆಂಟಿ ಒಪ್ಪಿದ್ದರು. ಆದರೆ ಅವತ್ತು ಬೆಳಿಗ್ಗೆ ಅವರ ತಮ್ಮನಿಗೆ ಎದೆನೋವು ಬಂದು ಆಂಟಿ ಆಸ್ಪತ್ರೆಗೆ ಹೋಗಬೇಕಾಯಿತು. ಚೈತ್ರ ಬರಲಿಲ್ಲ. ಶಾಮಿಯಾನದ ಕೆಳಗೆ ನಾವು ಒಬ್ಬೊಬ್ಬರಾಗಿ ಮೈಕಿನ ಮುಂದೆ ಹೋಗಿ, ಈ ಶಾಲೆ ನಮ್ಮ ದೇಗುಲ, ಗುರುಗಳು ನಮ್ಮ ದೇವರು ಅಂತ ಎಲ್ಲರೂ ಹೇಳುವುದನ್ನೇ ಹೇಳಿ ಬಂದೆವು. ಕೆಲವರು ಅತ್ತರು. ಗ್ರೂಪ್ ಫೋಟೋ ತೆಗೆಸುವಾಗ ಭವ್ಯ ತನ್ನ ಪಕ್ಕದಲ್ಲಿ ಜಾಗ ಬಿಟ್ಟು ನಿಂತಿದ್ದಳು, ಫೋಟೋದವನು ಹತ್ತಿರ ಬನ್ನಿ ಅಂತ ಗದರಿ ಆ ಜಾಗವನ್ನೂ ಮುಚ್ಚಿಸಿದ.

ಮುಗಿದ ಮೇಲೆ ನಾವು ಮನೆಗೆ ಹೋಗಲಿಲ್ಲ. ಚೈತ್ರಳ ಪಾಲಿನ ಸಮೋಸ, ಕೇಕು ಕಟ್ಟಿಸಿಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು ಬಸ್ ಹತ್ತಿದೆವು. ಬಾಗಿಲು ತೆಗೆದ ಚೈತ್ರ ಮಾಮೂಲಿ ಚೂಡಿದಾರದಲ್ಲಿದ್ದಳು, ಅತ್ತು ಕಣ್ಣು ಊದಿತ್ತು. ಅಜ್ಜಿ ನಮ್ಮನ್ನು ಒಬ್ಬೊಬ್ಬರಾಗಿ ಹತ್ತಿರ ಕರೆದು ಸೀರೆ ಮುಟ್ಟಿ ನೋಡಿದರು. ಆಮೇಲೆ ಮೊಮ್ಮಗಳಿಗೆ, "ಹೋಗು, ಉಟ್ಕೊಂಡ್ ಬಾ. ಇವತ್ತು ಉಡ್ದೆ ಇನ್ಯಾವತ್ತು ಉಡ್ತೀಯ," ಅಂದರು. ಅವಳು ಉಟ್ಟು ಬಂದಾಗ ಭವ್ಯ ಹೇಳಿದಳು, "ಈಗ ಇಲ್ಲಿ ಎಲ್ರೂ ಮತ್ತೆ ಭಾಷಣ ಮಾಡ್ಬೇಕು. ದೇವರು ದೇಗುಲ ಬೇಡ, ನಿಜವಾಗ್ಲೂ ಆಗಿದ್ದು ಹೇಳಿ."

ಮೊದಲು ಅವಳೇ ನಿಂತಳು. ಏಳನೇ ಕ್ಲಾಸಿನಲ್ಲಿ ಪ್ರಾರ್ಥನೆಯ ಹೊತ್ತು ತಾನು ತಲೆ ತಿರುಗಿ ಬಿದ್ದಾಗ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ, ಅವತ್ತಿನಿಂದ ಚೈತ್ರ ಎರಡು ಚಪಾತಿ ಜಾಸ್ತಿ ತರಲು ಶುರು ಮಾಡಿದ್ದು ತನಗೆ ಗೊತ್ತು ಅಂದಳು. ಹತ್ತು ವರ್ಷ ಜೊತೆಗಿದ್ದ ನನಗೇ ಇದು ಹೊಸ ಸುದ್ದಿ. ನಾನು ಬನ್ನೇರುಘಟ್ಟ ಪ್ರವಾಸದಲ್ಲಿ ದಾರಿ ತಪ್ಪಿ ನಾನೂ ಚೈತ್ರಳೂ ಆನೆಗಳ ಹತ್ತಿರ ಕೂತು ಅತ್ತದ್ದನ್ನು ಹೇಳಿದೆ. ಕಿರಣ ಬಹಳ ಹೊತ್ತು ಪಂಚೆ ಸರಿಮಾಡಿಕೊಂಡ. "ನಾನು ಎಂಟನೇ ಕ್ಲಾಸಿಗೆ ಬಂದಾಗ ಒಂದು ತಿಂಗಳು ಯಾರೂ ಮಾತಾಡಿಸ್ಲಿಲ್ಲ. ಚೈತ್ರ ಕಡ್ಲೆಕಾಯಿ ಕೊಟ್ಲು. ಅಷ್ಟೇ," ಅಂತ ಕೂತುಬಿಟ್ಟ.

ಚೈತ್ರ ನಿಲ್ಲಲಿಲ್ಲ. ಮಂಚದ ಅಂಚಿನಲ್ಲಿ ಕೂತೇ ಹೇಳಿದಳು. "ಜೂನಲ್ಲಿ ನೀವೆಲ್ಲ ಯೂನಿಫಾರ್ಮ್ ಹಾಕ್ಕೊಂಡು ಬಂದ್ರಲ್ಲ, ಆ ರಾತ್ರಿ ನಾನು ದೇವರ ಹತ್ರ ಕೇಳ್ಕೊಂಡೆ. ಅಜ್ಜಿ ಬೇಗ ಹೋಗ್ಲಿ ಅಂತ." ನಾವು ಯಾರೂ ಅಜ್ಜಿಯ ಮುಖ ನೋಡಲಿಲ್ಲ. ಅಡುಗೆಮನೆಯಲ್ಲಿ ಗಂಜಿ ಕುದಿಯುವುದು ಕೇಳುತ್ತಿತ್ತು.

ಅಜ್ಜಿ ಕೈ ಚಾಚಿ ಅವಳ ಸೀರೆಯ ಸೆರಗು ಹಿಡಿದುಕೊಂಡರು. "ನಾನೂ ಅದ್ನೇ ಕೇಳ್ಕೊತಿದ್ದೆ ಕಣೇ. ಅವನು ಇಬ್ರ ಮಾತೂ ಕೇಳ್ನಿಲ್ಲ." ಸೆರಗು ಬಿಡದೆ ಹೇಳಿದರು, "ಈಗೇನೂ ಬ್ಯಾಡ ಬುಡು. ನಿಂದು ಪರೀಕ್ಷೆ ಆಗ್ಲಿ."

ಚೈತ್ರ ಅವರ ಎದೆಯ ಮೇಲೆ ತಲೆ ಇಟ್ಟಳು, ರೇಷ್ಮೆ ಸೀರೆಗೆ ಎಣ್ಣೆಯಾಗುತ್ತೆ ಅಂತ ಅಜ್ಜಿ ಬೈದರು. ನಾವು ಕೇಕು ಕತ್ತರಿಸಿ ತಿಂದೆವು. ಅಜ್ಜಿ ಕ್ರೀಮ್ ಮಾತ್ರ ನೆಕ್ಕಿ, ಮಿಕ್ಕಿದ್ದು ಬೇಡ ಅಂದರು.

ಪರೀಕ್ಷೆ ಆಯಿತು. ನಾಲ್ವರೂ ಪಾಸಾದೆವು, ಚೈತ್ರಳಿಗೆ ಫಸ್ಟ್ ಕ್ಲಾಸ್ ಬಂತು. ಕಾಲೇಜುಗಳು ಶುರುವಾದ ಮೇಲೆ, ಶ್ರಾವಣದಲ್ಲಿ, ಒಂದು ಬೆಳಿಗ್ಗೆ ಅಜ್ಜಿ ಗಂಜಿ ಕುಡಿದು ಮಲಗಿದವರು ಏಳಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ನಾವು ಮೂವರೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು ಇವರು ಯಾರ ಕಡೆಯವರು ಅಂತ ಕೇಳಿದರು. ಸಾರು ಬಡಿಸುತ್ತಿದ್ದ ಯಶೋದಮ್ಮ ನಿಲ್ಲದೆ, "ಅತ್ತೆ ಜೊತೆ ಓದಿದೋರು," ಅಂದು ಮುಂದಿನ ಎಲೆಗೆ ಹೋದರು.

ಆ ಮನೆ ಈಗಿಲ್ಲ. ಚೈತ್ರಳ ಅಪ್ಪ, ಚಿಕ್ಕಪ್ಪಂದಿರ ನಡುವೆ ಪಾಲಾಗಿ ಮಾರಾಟವಾಯಿತು, ಅಲ್ಲಿ ಐದಂತಸ್ತಿನ ಪಿಜಿ ಎದ್ದಿದೆ. ಚೈತ್ರ ಜೆ.ಪಿ. ನಗರದ ಒಂದು ಆಡಿಟರ್ ಆಫೀಸಿನಲ್ಲಿದ್ದಾಳೆ. ಭವ್ಯ ಮದುವೆಯಾಗಿ ತುಮಕೂರಿನಲ್ಲಿ, ಕಿರಣ ಹೊಸೂರಿನ ಫ್ಯಾಕ್ಟರಿಯಲ್ಲಿ. ಯಾರಿಗೂ ಯಾರ ಮೇಲೂ ಮುನಿಸಿಲ್ಲ. ಹಬ್ಬಕ್ಕೆ ಮೆಸೇಜು ಬರುತ್ತೆ, ಮಕ್ಕಳ ಫೋಟೋ ಬರುತ್ತೆ. ಇಬ್ಬರು ಸಿಕ್ಕಿದ್ದೇವೆ, ಒಮ್ಮೊಮ್ಮೆ ಮೂವರು.

ಹನ್ನೊಂದನೇ ದಿನದ ಆ ಮಧ್ಯಾಹ್ನ ಊಟ ಮುಗಿಸಿ ಹೊರಟಾಗ ಚೈತ್ರ ನಮ್ಮನ್ನು ಕಳಿಸಲು ಬಸ್ ಸ್ಟಾಪಿನವರೆಗೂ ಬಂದಳು. ಮಳೆ ನಿಂತು ಬಿಸಿಲು ಬಂದಿತ್ತು. ಭವ್ಯ ತನ್ನ ಕಾಲೇಜಿನ ಲೆಕ್ಚರರ್ ಒಬ್ಬರ ನಡಿಗೆ ಮಾಡಿ ತೋರಿಸಿದಳು, ಅಜ್ಜಿ ಹೋದಮೇಲೆ ಮೊದಲ ಸಲ ಚೈತ್ರ ನಕ್ಕಳು. ಬಸ್ಸು ಬಂತು. ಮುಂದಿನ ಭಾನುವಾರ ಬರ್ತೀವಿ ಅಂತ ಹೇಳಿ ಹತ್ತಿದೆವು. ಆ ಭಾನುವಾರ ಭವ್ಯಳಿಗೆ ಟೆಸ್ಟ್ ಇತ್ತು, ಅದರ ಮುಂದಿನದು ನನಗೆ ಆಗಲಿಲ್ಲ, ಆಮೇಲೆ ಯಾವ ಭಾನುವಾರ ಅಂತ ಯಾರೂ ಹೇಳಲಿಲ್ಲ. ನಾಲ್ವರೂ ಒಂದೇ ಕಡೆ ನಿಂತದ್ದು ಅದೇ ಕೊನೆ. ಗೊತ್ತಿದ್ದಿದ್ದರೆ ಆ ಬಸ್ಸು ಬಿಟ್ಟು, ಇನ್ನೊಂದು ಬರುವವರೆಗೆ ಅಲ್ಲೇ ನಿಂತಿರುತ್ತಿದ್ದೆವೇನೋ.